ಓಪನ್ ಸ್ಪೇಸ್ ಸಭೆಗೆ ವಾಕಿಂಗ್ ಗುಂಪಿನವರಷ್ಟೇ ಬರದ ಹಾಗೆ ಕರೆಯೋದು ಹೇಗೆ?

ಕೆರೆಏರಿ:
ಬೆಂಗಳೂರು ಹೊರವಲಯದ ಒಂದು ಕೆರೆ ಬಗ್ಗೆ ಓಪನ್ ಸ್ಪೇಸ್ ಮಾದರಿಯ ಸಭೆ ಇಟ್ಟುಕೊಂಡಿದ್ದೇವೆ. ಮೊದಲೇ ಗೊತ್ತುಮಾಡಿದ ಅಜೆಂಡಾ ಇಲ್ಲ, ಭಾಷಣ ಇಲ್ಲ. ಬಂದವರೇ ವಿಷಯ ಎತ್ತಿ, ಗೋಡೆಗೆ ಅಂಟಿಸಿ, ಗುಂಪುಗುಂಪಾಗಿ ಮಾತಾಡೋದು. 60 ಜನ, ಅರ್ಧ ದಿನ. ವಾಟ್ಸಾಪ್‌ನಲ್ಲಿ ಪೋಸ್ಟರ್ ಮತ್ತು ಫಾರ್ಮ್ ಬಿಟ್ಟೆವು, 45 ಹೆಸರು ಬಂದಿವೆ. ಹೆಚ್ಚುಕಮ್ಮಿ ಎಲ್ಲರೂ ಬೆಳಗ್ಗೆ ವಾಕಿಂಗ್ ಬರುವ ಅಪಾರ್ಟ್‌ಮೆಂಟ್‌ನವರು. ಕುರಿ ಮೇಯಿಸುವವರು, ಹುಲ್ಲು ಕೊಯ್ಯುವವರು, ಮೀನು ಹಿಡಿಯುವವರು, ಬಟ್ಟೆ ಒಗೆಯುವವರು, ಶೆಡ್‌ಗಳಲ್ಲಿರುವ ಕಟ್ಟಡ ಕೂಲಿಗಳು ಒಬ್ಬರೂ ಇಲ್ಲ. ತಂಡದಲ್ಲಿ ಕೆಲವರು "ಬಂದವರೇ ಸರಿಯಾದವರು ಅಂತ ತತ್ವವೇ ಇದೆಯಲ್ಲ, ಬಿಡಿ" ಅಂತಿದ್ದಾರೆ. ಮೂರು ವಾರ ಸಮಯ ಇದೆ.

ಸಂತೆಮಾಳ:
ಆ ತತ್ವವನ್ನು ನಿಮ್ಮ ತಂಡ ತಪ್ಪು ಜಾಗದಲ್ಲಿ ಬಳಸುತ್ತಿದೆ. ಹ್ಯಾರಿಸನ್ ಓವೆನ್ 1985ರಲ್ಲಿ ಈ ಪದ್ಧತಿ ಶುರುಮಾಡಿದಾಗಿನಿಂದಲೂ ಆ ಮಾತು ಬಾಗಿಲು ತೆರೆದ ಮೇಲಿನದು: ಮುಖ್ಯ ಅತಿಥಿ ಬರಲಿಲ್ಲ ಅಂತ ಕಾಯಬೇಡಿ, ಇದ್ದವರ ಜೊತೆ ಕೆಲಸ ಶುರುಮಾಡಿ ಅಂತ. ಬಾಗಿಲು ತೆರೆಯುವ ಮುಂಚೆ ಯಾರನ್ನು ಕರೆದಿರಿ ಅನ್ನೋದು ಪೂರ್ತಿ ನಿಮ್ಮ ಹೊಣೆ. 2006ರಿಂದ ಬೆಂಗಳೂರಿನಲ್ಲಿ ನಡೆದ ಬಾರ್‌ಕ್ಯಾಂಪ್‌ಗಳಿಗೆ (ಟೆಕ್ ಜನ ಸೇರುವ, ಬಂದವರೇ ವಿಷಯ ಎತ್ತುವ ಸಭೆಗಳು) ಜನ ತಾವಾಗೇ ಹೆಸರು ಹಾಕಿ ಬಂದರು, ಯಾಕಂದರೆ ಸುದ್ದಿ ಓಡಾಡಿದ ಜಾಗದಲ್ಲೇ ಅವರೂ ಇದ್ದರು. ಕುರಿ ಮೇಯಿಸುವವರು ನಿಮ್ಮ ವಾಟ್ಸಾಪ್ ಗುಂಪಿನಲ್ಲಿಲ್ಲ.

ಮೊದಲು ಲೆಕ್ಕ. ಫಾರ್ಮ್ ಇವತ್ತೇ ಮುಚ್ಚಿ. ಉಳಿದ 15 ಜಾಗಕ್ಕೆ ಬೇರೆಯವರನ್ನು ತುಂಬಿಸಿದರೆ ಅವರು ಕಾಲುಭಾಗ ಆಗ್ತಾರೆ, ಮೂಲೆಯಲ್ಲಿ ಕೂತು ಎದ್ದು ಹೋಗ್ತಾರೆ. ಸಭೆಯನ್ನೇ 90ಕ್ಕೆ ಏರಿಸಿ. ಗುಂಪುಗಳ ಸಂಖ್ಯೆ ಹೆಚ್ಚಿಸಿದರೆ ಸಾಕು, ಈ ಪದ್ಧತಿ ತಡೆಯುತ್ತೆ. ಕೆರೆಯನ್ನು ಬಳಸುವ ಒಂಬತ್ತು ಬಗೆಯ ಜನರ ಪಟ್ಟಿ ಮಾಡಿ, ಒಂದೊಂದರಿಂದ ಐದು ಜನ, ಒಟ್ಟು 45. "ಕುರಿಯವರ ಪರವಾಗಿ ಒಬ್ಬರು" ಅಂತ ಕರೆಯಲೇಬೇಡಿ. ಒಬ್ಬರೇ ಬಂದರೆ ಇಡೀ ಸಮುದಾಯದ ಪರವಾಗಿ ಉತ್ತರ ಕೊಡುವ ಭಾರ ಅವರ ತಲೆ ಮೇಲೆ ಬೀಳುತ್ತೆ, ಬಾಯಿ ಬಿಡಲ್ಲ. ಐವರು ಬಂದರೆ ಅವರವರಲ್ಲೇ ಭಿನ್ನಾಭಿಪ್ರಾಯ ಬರುತ್ತೆ, ಆಗ ಮಾತು ಹೊರಡುತ್ತೆ.

ಇಬ್ಬರು ಹೂಂ ಅಂದರೆ ಒಬ್ಬರು ಬರ್ತಾರೆ ಅಂತ ಇಟ್ಟುಕೊಳ್ಳಿ. ಅಲ್ಲಿಗೆ 90 ಜನರನ್ನು ಬಾಯಿಮಾತಲ್ಲಿ ಕರೀಬೇಕು: ಸಂಜೆಗೆ ಆರು ಜನರಂತೆ ಹದಿನೈದು ಸಂಜೆ. ಹೋಗುವಾಗ ಇಬ್ಬರು ಹೋಗಿ, ಅದರಲ್ಲಿ ಒಬ್ಬರು ಆ ಬೀದಿಯವರೇ ಆಗಿರಲಿ. ಸಭೆಯ ಹಿಂದಿನ ದಿನ ಎರಡನೇ ಸಲ ಹೋಗೋದು ಕಡ್ಡಾಯ. ಮೊದಲ ಸಲ ಹೇಳಿದ್ದನ್ನು ಯಾರೂ ಕರೆ ಅಂತ ತಗೊಳ್ಳಲ್ಲ, ಸುದ್ದಿ ಅಂತ ತಗೋತಾರೆ.

ಪೋಸ್ಟರ್‌ನಲ್ಲಿ "ಕೆರೆ ಸಂರಕ್ಷಣಾ ಸಮಾಲೋಚನೆ" ಅಂತಿದ್ದರೆ ಅದನ್ನೂ ಕಿತ್ತುಹಾಕಿ. ಸಂರಕ್ಷಣೆ ಅಂದರೆ ಕುರಿಯವರ ಕಿವಿಗೆ ಬೀಳೋದು ತಂತಿಬೇಲಿ, ಗೇಟು, ಬೀಗ. "ಈ ಕೆರೆ ಯಾರ್ಯಾರಿಗೆ ಏನೇನಕ್ಕೆ ಬೇಕು?" ಅಂತ ಪ್ರಶ್ನೆಯಾಗಿ ಕೇಳಿ. ಚೀಟಿಯ ಬದಲು 40 ಸೆಕೆಂಡಿನ ಆಡಿಯೋ ಮಾಡಿ: ಕನ್ನಡ, ದಖನಿ, ತಮಿಳು, ತೆಲುಗು. ಏನು ಸಿಗಲ್ಲ ಅನ್ನೋದನ್ನೂ ಅದರಲ್ಲೇ ಹೇಳಿ. "ಇಲ್ಲಿ ಸೈಟು, ಕಾರ್ಡು, ಪರಿಹಾರ ಏನೂ ಕೊಡಲ್ಲ" ಅಂತ ಮೊದಲೇ ಹೇಳದಿದ್ದರೆ ಅರ್ಧ ಸಭೆ ಅರ್ಜಿ ಬರೆಯೋದರಲ್ಲಿ ಹೋಗುತ್ತೆ.

ಮೂರುದಾರಿ:
ಜಾಗ ಎಲ್ಲಿ? ಅಪಾರ್ಟ್‌ಮೆಂಟಿನ ಕ್ಲಬ್‌ಹೌಸ್ ಆದರೆ ಮೇಲೆ ಹೇಳಿದ್ದೆಲ್ಲ ನೀರಲ್ಲಿ ಹೋಮ. ಗೇಟಲ್ಲಿ ಸೆಕ್ಯೂರಿಟಿ "ಯಾವ ಫ್ಲ್ಯಾಟು?" ಅಂತ ಕೇಳಿದ ಕೂಡಲೇ ಕೂಲಿಯವರು ವಾಪಸ್. ದೇವಸ್ಥಾನದ ಅಂಗಳ, ಒಂದು ಜಾತಿಯ ಸಮುದಾಯ ಭವನ ಎರಡೂ ಬೇಡ. ಸರ್ಕಾರಿ ಶಾಲೆ ಒಳ್ಳೇದು: ಅವರ ಮಕ್ಕಳು ಹೋಗುವ ಜಾಗ, ನೆಲಮಹಡಿ, ವೀಲ್‌ಚೇರ್ ಹೋಗುತ್ತೆ. ಹೆಂಗಸರ ಶೌಚಾಲಯಕ್ಕೆ ನೀರಿದೆಯಾ, ಒಳಗಿನ ಚಿಲಕ ಸರಿಯಿದೆಯಾ ಅಂತ ನೀವೇ ಹಿಂದಿನ ದಿನ ಹೋಗಿ ನೋಡಿ.

ಭಾನುವಾರ ಬೆಳಗ್ಗೆ ಹತ್ತು ಗಂಟೆ ಅನ್ನೋದು ಪಿಂಚಣಿದಾರರ ಸಮಯ. ಮನೆಗೆಲಸದವರಿಗೆ ಆಗ ಮೂರನೇ ಮನೆ. ಮಧ್ಯಾಹ್ನ ಮೂರರಿಂದ ಆರೂವರೆ ಇಡಿ. ಕಟ್ಟಡ ಕೂಲಿಗಳಿಗೆ ಶನಿವಾರ ಬಟವಾಡೆ, ಭಾನುವಾರ ಬೆಳಗ್ಗೆ ಸಂತೆ. ಮಧ್ಯಾಹ್ನ ಬಿಡುವು. ರಂಜಾನ್ ಉಪವಾಸದ ತಿಂಗಳಾದರೆ ಇಫ್ತಾರ್‌ಗೆ ಮುಂಚೆ ಮುಗಿಸಬೇಕು.

ಕೂಲಿ ನಷ್ಟ ಆಗುವವರಿಗೆ ಅರ್ಧ ದಿನದ ಕೂಲಿ ಕೊಡಿ. ಆದರೆ ಮೇಸ್ತ್ರಿ ಮೂಲಕ ಬೇಡವೇ ಬೇಡ. ಅವನು ಎಲೆಕ್ಷನ್ ಮೀಟಿಂಗಿಗೆ ಜನ ತುಂಬಿದ ಹಾಗೆ ಇಪ್ಪತ್ತು ಜನರನ್ನು ಟೆಂಪೋದಲ್ಲಿ ತಂದಿಳಿಸ್ತಾನೆ, ಅವನು ಎದುರಿಗಿದ್ದರೆ ಅವರು ಮಾತಾಡಲ್ಲ. ಕೇಳಿದವರಿಗೆ ಬಂದ ತಕ್ಷಣ ಕವರಿನಲ್ಲಿ ಕೊಡಿ. ಕೊನೆಯಲ್ಲಿ ಸಾಲು ನಿಲ್ಲಿಸಿ ಕೊಟ್ಟರೆ ಅವಮಾನ, ಜೊತೆಗೆ ಬೇಗ ಹೋಗಬೇಕಾದವರಿಗೆ ಕಟ್ಟಿಹಾಕಿದ ಹಾಗೆ.

ಹಲಗೆಬಳಪ:
ಕರೆದು ತಂದ ಮೇಲೆ ಎಡವೋದು ಒಳಗೆ. ಮೊದಲು ಕೂರುವ ವಿಷಯ: ಎಲ್ಲರಿಗೂ ಕುರ್ಚಿ, ಇಲ್ಲಾ ಎಲ್ಲರಿಗೂ ಜಮಖಾನ. ಎರಡೂ ಇಟ್ಟರೆ ಯಾರು ಎಲ್ಲಿ ಕೂರ್ತಾರೆ ಅಂತ ಹೇಳಬೇಕಾಗಿಲ್ಲ. ಮಂಡಿನೋವಿನವರ ದೃಷ್ಟಿಯಿಂದ ಕುರ್ಚಿಯೇ ವಾಸಿ. 90 ಕುರ್ಚಿ, ಎರಡು ಸುತ್ತಿನ ವೃತ್ತ, ನಡುವೆ ನಾಲ್ಕು ದಾರಿ. ವೇದಿಕೆ, ದೀಪ, ಹಾರ, ಶಾಲು ಯಾವುದೂ ಬೇಡ. ಶಾಸಕರು ಬಂದರೆ ಅವರೂ ವೃತ್ತದಲ್ಲೇ. ಟೀ ಎಲ್ಲರಿಗೂ ಒಂದೇ ಥರದ ಲೋಟದಲ್ಲಿ. "ಅವರಿಗೆ ಪೇಪರ್ ಕಪ್ ಸಾಕು" ಅನ್ನೋ ಬಾಯಿ ಎಲ್ಲ ತಂಡದಲ್ಲೂ ಒಂದಿರುತ್ತೆ.

ಗೋಡೆ ಮೇಲೆ ಚೀಟಿ ಅಂಟಿಸೋಕೆ ಕೋಷ್ಟಕ ಎಳೆಯಿರಿ: ಮಾತಿನ ಮೂರು ಸುತ್ತು, ಗುಂಪು ಕೂರುವ ಏಳು ಜಾಗ, ಒಟ್ಟು 21 ಮನೆ. ಸುತ್ತಿಗೆ 45 ನಿಮಿಷ. ಮಾಮೂಲಿ ಪದ್ಧತಿಯಲ್ಲಿ ವಿಷಯ ಇರುವವರು ನಡುವೆ ಬಂದು, ಕಾಗದದಲ್ಲಿ ಬರೆದು, ಓದಿ, ಅಂಟಿಸಬೇಕು. ಓದುಬರಹ ಬಾರದವರಿಗೆ ಅಲ್ಲೇ ಬಾಗಿಲು ಮುಚ್ಚಿತು. ಅದಕ್ಕೆ ನಾಲ್ಕು ಜನ ಮಾರ್ಕರ್ ಹಿಡಿದು ವೃತ್ತದ ಹೊರಗೆ ಓಡಾಡಲಿ. ಹೇಳಿದ್ದನ್ನು ಹೇಳಿದ ಹಾಗೇ ಬರೆಯಲಿ, ತಿದ್ದಬಾರದು. "ಹುಲ್ಲು ಕೊಯ್ಯೋಕೆ ವಾಚ್‌ಮನ್ ಬಿಡಲ್ಲ" ಅನ್ನೋದು "ಮೇವು ಸಂಪನ್ಮೂಲದ ಲಭ್ಯತೆ" ಅಂತಾದರೆ ಹೇಳಿದವರಿಗೇ ಅದು ತಮ್ಮ ಚೀಟಿ ಅಂತ ಗೊತ್ತಾಗಲ್ಲ. ಪಕ್ಕದಲ್ಲೊಂದು ಚಿತ್ರ ಇರಲಿ: ಕುರಿ, ಮೀನು, ಕೊಡ. ಏಳು ಜಾಗಕ್ಕೆ ನಂಬರಿನ ಬದಲು ಏಳು ಬಣ್ಣದ ಬಟ್ಟೆ ಕಟ್ಟಿ.

ಮೂರನೇ ಸುತ್ತಿನ ಏಳು ಮನೆಯನ್ನು ಟೀ ಆಗುವ ತನಕ ಖಾಲಿ ಬಿಡಿ. ಮಾತು ರೂಢಿ ಇರುವವರು ಮೊದಲ ಹತ್ತು ನಿಮಿಷದಲ್ಲೇ ಗೋಡೆ ತುಂಬಿಸಿಬಿಡ್ತಾರೆ. ಹೊಸಬರಿಗೆ ತಮ್ಮ ವಿಷಯವೂ ಇಲ್ಲಿ ನಡೆಯುತ್ತೆ ಅಂತ ಧೈರ್ಯ ಬರೋದು ಎರಡು ಸುತ್ತು ನೋಡಿದ ಮೇಲೆ.

ದುಂಬಿ:
ಮನೆ ಕಾದಿರಿಸೋದು ಓಪನ್ ಸ್ಪೇಸ್ ಅಲ್ಲ ಅಂತ ನನ್ನ ತಕರಾರು. ಹಾಗೆ ಶುರುವಾದರೆ ಕೊನೆಗೆ ಮತ್ತೆ ಅಜೆಂಡಾ ಸಮಿತಿ ಬರುತ್ತೆ. ಎರಡು ಕಾಲಿನ ನಿಯಮ ಇದೆಯಲ್ಲ: ಕಲಿಯೋದೂ ಇಲ್ಲ, ಕೊಡೋದೂ ಇಲ್ಲ ಅನ್ನಿಸಿದರೆ ಎದ್ದು ಇನ್ನೊಂದು ಗುಂಪಿಗೆ ಹೋಗು. ಬೇಜಾರು ಹಿಡಿಸುವ ಮಾತುಗಾರನ ಗುಂಪು ತಾನಾಗೇ ಖಾಲಿಯಾಗುತ್ತೆ.

ಹಲಗೆಬಳಪ:
ಕಾದಿರಿಸ್ತಿಲ್ಲ, ಯಾರ ಹೆಸರಿಗೂ ಇಡ್ತಿಲ್ಲ. ಆ ಏಳು ಮನೆ ತಡವಾಗಿ ತೆರೆಯುತ್ತವೆ, ಅಷ್ಟೇ. ಎರಡು ಕಾಲಿನ ನಿಯಮದ ಕಷ್ಟ ಏನಂದರೆ, ನಮ್ಮಲ್ಲಿ ಹಿರಿಯರು ಮಾತಾಡುವಾಗ ಸೊಸೆ ವಯಸ್ಸಿನ ಹೆಣ್ಣುಮಗಳು ಎದ್ದು ಹೋಗಲ್ಲ. ತಾನು ಕೆಲಸ ಮಾಡುವ ಮನೆಯ ಯಜಮಾನರು ಮಾತಾಡ್ತಿದ್ದರಂತೂ ಇಲ್ಲವೇ ಇಲ್ಲ. ನಿಯಮ ಹೇಳಿದರೆ ಸಾಲದು, ಎದ್ದೇಳೋಕೆ ಒಂದು ನೆಪ ಕೊಡಬೇಕು. 20 ನಿಮಿಷಕ್ಕೆ ಗಂಟೆ ಹೊಡೆದು "ಜಾಗ ಬದಲಾಯಿಸುವವರು ಬದಲಾಯಿಸಿ" ಅಂತ ಕೂಗಿ, ತಂಡದ ಐದಾರು ಜನ ಮೊದಲು ಎದ್ದು ಓಡಾಡಲಿ. ಆಮೇಲೆ ಯಾರು ಎದ್ದರೂ ಬೆನ್ನು ತೋರಿಸಿದ ಹಾಗಾಗಲ್ಲ.

ಮೂರುದಾರಿ:
ಒಂದು ಬಿಟ್ಟುಹೋಯಿತು. ಫೋಟೋ ಗೋಡೆಯದ್ದು ಮಾತ್ರ, ಮುಖದ್ದು ಬೇಡ. ಟಿಪ್ಪಣಿಯಲ್ಲೂ ಕೇಳದೆ ಹೆಸರು ಬರೀಬೇಡಿ. ಗುತ್ತಿಗೆದಾರನ ಮೇಲೆ ದೂರು ಹೇಳಿದ ಪೌರಕಾರ್ಮಿಕರ ಹೆಸರು ಅದೇ ರಾತ್ರಿ ಗುಂಪಿನಿಂದ ಗುಂಪಿಗೆ ಹೋಗುತ್ತೆ, ಸೋಮವಾರ ಅವರಿಗೆ ಕೆಲಸ ಇರಲ್ಲ. ಕಿವಿ ಕೇಳಿಸದವರು ಬರುವುದಿದ್ದರೆ ಸಂಜ್ಞೆ ಭಾಷೆಯವರನ್ನು ಇಬ್ಬರನ್ನು ಕರೆಸಿ. ಒಬ್ಬರೇ ಮೂರೂವರೆ ತಾಸು ಮಾಡೋಕಾಗಲ್ಲ, 20 ನಿಮಿಷಕ್ಕೊಮ್ಮೆ ಬದಲಾಗಬೇಕು. ಅವರ ಮುಖದ ಮೇಲೆ ಬೆಳಕಿರಲಿ, ಕಿಟಕಿಗೆ ಬೆನ್ನು ಹಾಕಿ ನಿಲ್ಲಿಸಬೇಡಿ.

ಕೆರೆಏರಿ:
ಫಾರ್ಮ್ ಮುಚ್ಚಿದೆ. ಪೋಸ್ಟರ್‌ನಲ್ಲಿ "ಸಂರಕ್ಷಣೆ" ಎರಡು ಸಲ ಇತ್ತು, ತೆಗೆದೆ. ಮಧ್ಯಾಹ್ನ ಮೂರಕ್ಕೆ ಅಂದರೆ ಈಗಾಗಲೇ ಹೆಸರು ಕೊಟ್ಟವರಲ್ಲಿ ಕೆಲವರು ಗೊಣಗ್ತಾರೆ. ಗಂಟೆ ಹೊಡೆಯೋಕೆ ಏನು ಮಾಡೋದು, ಮೊಬೈಲ್ ಅಲಾರಂ ಸಾಕಾ?

ಹಲಗೆಬಳಪ:
ಸಾಲದು, ಏಳು ಗುಂಪಿನ ಗದ್ದಲದಲ್ಲಿ ಕೇಳಲ್ಲ. ಶಾಲೆಯಲ್ಲಿ ಮಾಡಿದರೆ ರೈಲುಕಂಬಿ ತುಂಡೋ ಕಂಚಿನ ಗಂಟೆಯೋ ನೇತಾಡ್ತಿರುತ್ತೆ. ಹೊಡೆಯುವ ಕೋಲು ಮಾತ್ರ ಭಾನುವಾರ ಆಫೀಸ್ ರೂಮಿನ ಬೀಗದ ಒಳಗಿರುತ್ತೆ, ಶನಿವಾರವೇ ಕೇಳಿ ಇಸ್ಕೊಳ್ಳಿ.