ಶೇರು ಬೆಲೆ ಸರಿನಾ ಜಾಸ್ತಿನಾ, ಹೆಂಗೆ ಗೊತ್ತಾಗತ್ತೆ? (ಪ್ರಶ್ನೋತ್ತರ)

ಪ್ರಶ್ನೆ: ನಮಸ್ಕಾರ ಸರ್. ಒಂದು ಕಂಪನಿ ಶೇರು ತುಂಬಾ ದಿನದಿಂದ ನೋಡ್ತಾ ಇದೀನಿ, ಹೆಸರು ಬೇಡ ಬಿಡಿ. ಬೆಲೆ 600, ಇಪಿಎಸ್ (ಒಂದು ಶೇರಿಗೆ ಬರೋ ವರ್ಷದ ಲಾಭ) 15, ಅಂದ್ರೆ ಪಿಇ (ಬೆಲೆ ಆ ಲಾಭದ ಎಷ್ಟು ಪಟ್ಟು ಅನ್ನೋದು) 40. ಒಬ್ರು ಪಿಇ 25 ದಾಟಿದ್ರೆ ಮುಟ್ಟಲೇಬೇಡ ಅಂತಾರೆ, ಇನ್ನೊಬ್ರು ಕ್ವಾಲಿಟಿ ಕಂಪನಿಗೆ ಪಿಇ ನೋಡಬಾರ್ದು ಅಂತಾರೆ. ಕಳೆದ 10 ವರ್ಷದಲ್ಲಿ ಲಾಭ ವರ್ಷಕ್ಕೆ 13% ಲೆಕ್ಕದಲ್ಲಿ ಬೆಳೆದಿದೆ. ಕಂಪನಿ ಲೆಕ್ಕಪತ್ರ ಓದೋದೇ ನಿಮ್ಮ ಕೆಲಸ ಅಲ್ವಾ, ನೀವಾದ್ರೆ ಹೆಂಗೆ ನೋಡ್ತೀರಾ?

ಉತ್ತರ: ನಮಸ್ಕಾರ. ಇಬ್ರ ಮಾತೂ ಪಕ್ಕಕ್ಕಿಡಿ. ಈ ಶೇರಿಗೆ ಸರಿಯಾದ ಬೆಲೆ ಎಷ್ಟು ಅಂತ ಹುಡುಕೋಕೆ ಹೋದ್ರೆ ನಾನೊಂದು ನಂಬರ್ ಹೇಳ್ತೀನಿ ನೀವೊಂದು ಹೇಳ್ತೀರಾ, ಅದು ಮುಗಿಯೋ ಜಗಳ ಅಲ್ಲ. ಅದಕ್ಕೇ ನಾನು ಲೆಕ್ಕಾನ ಉಲ್ಟಾ ಹಾಕ್ತೀನಿ. 600 ಕೊಟ್ಟು ತಗೊಂಡೆ ಅಂದ್ಕೊಳ್ಳಿ, ನನಗೆ ವರ್ಷಕ್ಕೆ 12% ಬರಬೇಕು, ಹಾಗಾದ್ರೆ ಕಂಪನಿ ಏನು ಮಾಡಿ ತೋರಿಸಬೇಕು?

12% ಅಂದ್ರೆ 10 ವರ್ಷಕ್ಕೆ ದುಡ್ಡು 3.1 ಪಟ್ಟು, ಅಂದ್ರೆ 600 ಹೋಗಿ 1860ರ ಹತ್ರ ಆಗಬೇಕು. ಈಗ ಪಿಇ 40 ಇದೆ ನಿಜ, ಆದ್ರೆ ಕಂಪನಿ ದೊಡ್ಡದಾಗ್ತಾ ಆಗ್ತಾ ಬೆಳವಣಿಗೆ ನಿಧಾನ ಆಗತ್ತೆ, ಆಗಲೂ ಜನ 40 ಪಟ್ಟು ಕೊಡ್ತಾರೆ ಅಂತ ನಂಬೋಕೆ ನನಗೆ ಧೈರ್ಯ ಇಲ್ಲ, 20 ಅಂತ ಇಟ್ಕೊಳ್ಳೋಣ. 1860ನ 20ರಿಂದ ಭಾಗಿಸಿದ್ರೆ ಇಪಿಎಸ್ 93 ಬೇಕು. ಇವತ್ತಿರೋದು 15. 15 ಇದ್ದದ್ದು 10 ವರ್ಷದಲ್ಲಿ 93 ಆಗಬೇಕು ಅಂದ್ರೆ ಬಿಡದಂಗೆ ವರ್ಷಕ್ಕೆ 20% ಬೆಳೀಬೇಕು. ನೀವೇ ಹೇಳಿದ್ರಿ ಇಲ್ಲಿವರೆಗೆ ಬೆಳೆದಿರೋದು 13% ಅಂತ. ಡಿವಿಡೆಂಡ್ (ಲಾಭದಲ್ಲಿ ಶೇರುದಾರರಿಗೆ ಹಂಚೋ ಪಾಲು) ಲೆಕ್ಕಕ್ಕೆ ತಗೊಂಡಿಲ್ಲ, ತಗೊಂಡ್ರೂ ಪಿಇ 40ರ ಶೇರಲ್ಲಿ ಅದರಿಂದ ಬರೋದು ಸ್ವಲ್ಪಾನೇ.

ಕಂಪನಿ ಬೆಳವಣಿಗೆ 12% ಮಾತ್ರ ಆಯ್ತು ಅಂದ್ರೆ? ಇಪಿಎಸ್ 46.6 ಆಗತ್ತೆ, 20 ಪಟ್ಟಿಗೆ ಬೆಲೆ 932, ನಿಮಗೆ ಸಿಗೋದು ವರ್ಷಕ್ಕೆ 4.5%. ಗಮನಿಸಿ, ಇಲ್ಲಿ ಕಂಪನಿ ಏನೂ ಎಡವಿಲ್ಲ, ಲಾಭ ಮೂರು ಪಟ್ಟು ದಾಟಿದೆ, ಆದ್ರೂ ನಿಮ್ಮ ಕೈಗೆ ಬಂದಿದ್ದು ಅಷ್ಟೇ, ಯಾಕಂದ್ರೆ ಆ ಬೆಳವಣಿಗೆಗೆ ನೀವು ಮೊದಲ ದಿನಾನೇ ದುಡ್ಡು ಕೊಟ್ಟುಬಿಟ್ಟಿದ್ರಿ. ಕೂಸು ಹುಟ್ಟೋ ಮುಂಚೆ ಕುಲಾವಿ ಅಂತಾರಲ್ಲ, ಪಿಇ 40ರಲ್ಲಿ ಆಗೋದು ಅದೇ. ಕುಲಾವಿ ಹೊಲಿಸೋದು ತಪ್ಪಲ್ಲ, ಎಷ್ಟು ದೊಡ್ಡ ಕೂಸಿನ ಅಳತೆಗೆ ಹೊಲಿಸ್ತಿದೀವಿ ಅನ್ನೋದು ಗೊತ್ತಿರಬೇಕು ಅಷ್ಟೇ.

ಪ್ರಶ್ನೆ (ಇನ್ನೊಬ್ಬರು): ಆದ್ರೆ ಸರ್, ಒಳ್ಳೆ ಕಂಪನಿ ಆದ್ರೆ ಇವತ್ತಲ್ಲ ನಾಳೆ ಬೆಲೆ ಬಂದೇ ಬರತ್ತೆ ಅಲ್ವಾ? ಕಾಯೋ ತಾಳ್ಮೆ ಇರಬೇಕು ಅಷ್ಟೇ.

ಉತ್ತರ: ಬರತ್ತೆ, ಎಷ್ಟು ವರ್ಷ ಕಾಯ್ತೀರಾ ಹೇಳಿ. ಇಂಟರ್ನೆಟ್ ಜಾಲದ ಉಪಕರಣ ಮಾಡೋ ಅಮೆರಿಕದ ಸಿಸ್ಕೋ ನೋಡಿ. 2000ದ ಮಾರ್ಚಲ್ಲಿ ಸ್ವಲ್ಪ ದಿನ ಇಡೀ ಪ್ರಪಂಚದಲ್ಲೇ ಅತಿ ಹೆಚ್ಚು ಬೆಲೆಯ ಕಂಪನಿ ಅದು, ಪಿಇ 100ಕ್ಕೂ ಮೇಲೆ, ಬೆಲೆ 80 ಡಾಲರ್ ಮುಟ್ಟಿತ್ತು. ಆಮೇಲೆ ಕಂಪನಿ ಮುಳುಗಲಿಲ್ಲ, ಮುಂದಿನ 10 ವರ್ಷದಲ್ಲಿ ಮಾರಾಟ ಎರಡು ಪಟ್ಟು ದಾಟ್ತು, ಲಾಭಾನೂ ಚೆನ್ನಾಗೇ ಬೆಳೀತು. ಶೇರು ಮಾತ್ರ 20 ವರ್ಷ ಕಳೆದ್ರೂ ಆ 80ಕ್ಕೆ ವಾಪಸ್ ಬರಲಿಲ್ಲ. ಒಳ್ಳೆ ಕಂಪನಿ ಬೇರೆ, ಒಳ್ಳೆ ಬೆಲೆ ಬೇರೆ, ಇವೆರಡೂ ಒಟ್ಟಿಗೆ ಸಿಗೋದು ಅಪರೂಪ.

ಪ್ರಶ್ನೆ: ಮೇಡಂ ಒಬ್ರು ಹೇಳಿದ್ರು ಪಿಇ 5, 6 ಇರೋದನ್ನ ಹುಡುಕಿ ತಗೊಂಡ್ರೆ ಸೇಫ್ ಅಂತ. ಹಂಗೆ ಮಾಡಬಹುದಾ?

ಉತ್ತರ: ಇದರಲ್ಲಿ ನಾನೇ ಕೈ ಸುಟ್ಕೊಂಡಿದೀನಿ, ಹೇಳ್ತೀನಿ ಕೇಳಿ. ಕೆಲಸಕ್ಕೆ ಸೇರಿದ ಹೊಸದ್ರಲ್ಲಿ ಒಂದು ಲೋಹದ ಕಂಪನಿ ಶೇರು ಪಿಇ 5ಕ್ಕೆ ತಗೊಂಡೆ, ಬೆಲೆ 250, ಇಪಿಎಸ್ 50. ಇಷ್ಟು ಅಗ್ಗಕ್ಕೆ ಯಾರೂ ತಗೊಳ್ತಿಲ್ವಲ್ಲ, ಎಲ್ಲಾ ದಡ್ರು ಅಂದ್ಕೊಂಡೆ. ಎರಡು ವರ್ಷದಲ್ಲಿ ಲೋಹದ ಬೆಲೆ ಇಳೀತು, ಇಪಿಎಸ್ 8ಕ್ಕೆ ಬಂತು, ಶೇರು 120. ಈಗ ಪಿಇ ಎಷ್ಟು? 15! ಬೆಲೆ ಅರ್ಧಕ್ಕಿಂತ ಕೆಳಗೆ ಬಿದ್ದಿದೆ, ಪಿಇ ಮೂರು ಪಟ್ಟಾಗಿದೆ. ದಡ್ಡ ಯಾರು ಅಂತ ಆವಾಗ ಗೊತ್ತಾಯ್ತು. ಸ್ಟೀಲು, ಸಿಮೆಂಟು, ಸಕ್ಕರೆ, ಹಡಗು, ಕೆಮಿಕಲ್ಲು, ಇಂಥ ಏರಿಳಿತದ ಧಂದೆಯಲ್ಲಿ ಲಾಭ ತುದಿಗೆ ಹೋದಾಗಲೇ ಪಿಇ ಅತಿ ಕಮ್ಮಿ ಕಾಣೋದು, ಯಾಕಂದ್ರೆ ಈ ಲಾಭ ನಿಲ್ಲಲ್ಲ ಅಂತ ಮಾರ್ಕೆಟ್ಟಿಗೆ ಮೊದಲೇ ಗೊತ್ತಿರತ್ತೆ. ಅಲ್ಲಿ ಒಂದು ವರ್ಷದ ಇಪಿಎಸ್ ಬಿಟ್ಟು 7ರಿಂದ 10 ವರ್ಷದ ಸರಾಸರಿ ತಗೊಳ್ಳಿ. ಅಮೆರಿಕದ ಹೂಡಿಕೆ ಗುರು ಬೆಂಜಮಿನ್ ಗ್ರಹಾಂ 1930ರ ದಶಕದಲ್ಲೇ ಇದನ್ನ ಹೇಳಿದ್ರು, ಇವತ್ತಿಗೂ ಅದಕ್ಕಿಂತ ಒಳ್ಳೆ ಉಪಾಯ ನನಗೆ ಸಿಕ್ಕಿಲ್ಲ.

ಪ್ರಶ್ನೆ: ಶೇರು 70% ಬಿದ್ದಿದೆ ಅಂದ್ರೆ ಅಗ್ಗ ಅಂತ ತಾನೇ? ಇನ್ನೆಷ್ಟು ಬೀಳತ್ತೆ?

ಉತ್ತರ: 80% ಬಿದ್ದ ಶೇರು ಇನ್ನೊಂದ್ಸಲ ಅರ್ಧ ಆದ್ರೇನೇ 90% ಬಿದ್ದಿದ್ದು ಅನ್ನಿಸ್ಕೊಳ್ಳೋದು. 100, 20, ಆಮೇಲೆ 10. ಹಳೇ ಬೆಲೆ ಅನ್ನೋದು ಯಾರೋ ಯಾವಾಗಲೋ ಕೊಟ್ಟ ದುಡ್ಡು, ಅದೇ ತಪ್ಪಾಗಿದ್ದಿರಬಹುದಲ್ವಾ. ಹಾಗೇ 20ರ ಶೇರು ಅಗ್ಗ, 20,000ದ ಶೇರು ದುಬಾರಿ ಅನ್ನೋದೂ ಬಿಡಿ, ಒಟ್ಟು ಎಷ್ಟು ಶೇರು ಇದೆ ಅಂತ ಗುಣಿಸಿ ಮಾರ್ಕೆಟ್ ಕ್ಯಾಪ್ ನೋಡಿ.

ಪ್ರಶ್ನೆ: ಲಾಭಾನೇ ಇಲ್ಲದ ಕಂಪನಿಗೆ ಏನು ನೋಡ್ಬೇಕು ಸರ್? ಸೇಲ್ಸ್‌ಗೆ 10 ಪಟ್ಟು ಬೆಲೆ ಅಂತೆಲ್ಲಾ ಹೇಳ್ತಾರೆ.

ಉತ್ತರ: ಅದಕ್ಕೆ ಉತ್ತರ ಒಬ್ಬ ಕಂಪನಿ ಯಜಮಾನರೇ ಕೊಟ್ಟಿದ್ದಾರೆ. ಅಮೆರಿಕದ ಕಂಪ್ಯೂಟರ್ ಕಂಪನಿ ಸನ್ ಮೈಕ್ರೋಸಿಸ್ಟಮ್ಸ್ ಶೇರು ಡಾಟ್‌ಕಾಮ್ ಬೂಮಲ್ಲಿ 64 ಡಾಲರ್ ಆಗಿತ್ತು, ಮಾರಾಟದ 10 ಪಟ್ಟು. ಎಲ್ಲಾ ಬಿದ್ದು ಹೋದ್ಮೇಲೆ 2002ರಲ್ಲಿ ಅದರ ಮುಖ್ಯಸ್ಥ ಸ್ಕಾಟ್ ಮೆಕ್‌ನೀಲಿ ಏನಂದ್ರು ಅಂದ್ರೆ, ನೀವು ಕೊಟ್ಟ ಆ ದುಡ್ಡು 10 ವರ್ಷದಲ್ಲಿ ನಿಮ್ಮ ಕೈಗೆ ವಾಪಸ್ ಬರಬೇಕಿದ್ರೆ ಬಂದ ಮಾರಾಟದ ದುಡ್ಡನ್ನ ಪೂರ್ತಿ ನಿಮಗೇ ಡಿವಿಡೆಂಡ್ ಕೊಡಬೇಕು, ಸಂಬಳ ಇಲ್ಲ, ಕಚ್ಚಾ ಸಾಮಾನಿನ ಖರ್ಚಿಲ್ಲ, ಟ್ಯಾಕ್ಸ್ ಇಲ್ಲ, ಸಂಶೋಧನೆ ಇಲ್ಲ, ಹಿಂಗೆ 10 ವರ್ಷ ನಡೆಸಬೇಕು ಅಂತ. ಹಂಗಂತ ಸೇಲ್ಸ್ ಲೆಕ್ಕ ಪೂರ್ತಿ ವೇಸ್ಟ್ ಅಲ್ಲ, ಮುಂದೆ ಎಷ್ಟು ಮಾರ್ಜಿನ್ (ಮಾರಾಟದಲ್ಲಿ ಲಾಭವಾಗಿ ಉಳಿಯೋ ಪಾಲು) ಬರಬಹುದು ಅಂತ ಊಹಿಸಿ ಅದನ್ನ ಲಾಭಕ್ಕೆ ತಿರುಗಿಸಿ ನೋಡಿ. 10% ಮಾರ್ಜಿನ್ ಅಂದ್ರೆ ಸೇಲ್ಸಿನ 10 ಪಟ್ಟು ಬೆಲೆ ಅನ್ನೋದು ಪಿಇ 100 ಆಯ್ತು. ಬ್ಯಾಂಕಿಗೆ ಇದ್ಯಾವುದೂ ಸರಿ ಹೊಂದಲ್ಲ, ಅಲ್ಲಿ ಬುಕ್ ವ್ಯಾಲ್ಯೂ (ಆಸ್ತಿಯಲ್ಲಿ ಸಾಲ ಕಳೆದು ಉಳಿಯೋದು) ಮತ್ತೆ ಆರ್‌ಒಇ (ಶೇರುದಾರರ ಬಂಡವಾಳದ ಮೇಲೆ ಬರೋ ಲಾಭದ ಶೇಕಡಾ) ಎರಡನ್ನೂ ಜೊತೆಗಿಟ್ಟು ನೋಡ್ಬೇಕು.

ಪ್ರಶ್ನೆ (ಮೊದಲು ಕೇಳಿದವರು): ಸರ್ ನೀವು ಹೇಳಿದ ಉಲ್ಟಾ ಲೆಕ್ಕ ಎಕ್ಸೆಲ್ಲಲ್ಲಿ ಹಾಕಿದೆ, ಸರಿ ಬಂತು. 600 ಜಾಸ್ತಿ ಅನ್ನಿಸ್ತಿದೆ. ಆದ್ರೆ 400ಕ್ಕೆ ಬಂದ್ರೆ ತಗೋಬಹುದಾ?

ಉತ್ತರ: ಅದಕ್ಕೆ ಮುಂಚೆ ಒಂದು ಕೆಲಸ ಮಾಡಿ. ಇಷ್ಟೊತ್ತು ನಾವು ಆ 15 ಇಪಿಎಸ್ ನಿಜ ಅಂತ ನಂಬ್ಕೊಂಡು ಲೆಕ್ಕ ಹಾಕಿದ್ದು. ಆನ್ಯುಯಲ್ ರಿಪೋರ್ಟಲ್ಲಿ ಕ್ಯಾಶ್ ಫ್ಲೋ ಸ್ಟೇಟ್‌ಮೆಂಟ್ ತೆಗೀರಿ, ಮೊದಲ ಭಾಗದಲ್ಲೇ ವ್ಯಾಪಾರದಿಂದ ಬಂದ ನಗದು ಅಂತ ಇರತ್ತೆ, ಅದನ್ನ 5 ವರ್ಷದ್ದು ಕೂಡಿಸಿ, ಪಕ್ಕದಲ್ಲಿ 5 ವರ್ಷದ ಲಾಭ ಕೂಡಿಸಿ ಬರೀರಿ. ಒಂದೇ ವರ್ಷದ್ದು ನೋಡಬೇಡಿ, ಅದು ಹೆಂಗೆ ಬೇಕಾದ್ರೂ ಆಡತ್ತೆ.

ಪ್ರಶ್ನೆ (ಮೊದಲು ಕೇಳಿದವರು): ನೋಡ್ದೆ ಸರ್. 5 ವರ್ಷದ ಲಾಭ ಒಟ್ಟು 310 ಕೋಟಿ, ನಗದು 140 ಕೋಟಿ. ಇದು ನಾರ್ಮಲ್ಲಾ?

ಉತ್ತರ: ಅಲ್ಲ. ಡಿಪ್ರಿಸಿಯೇಷನ್ (ಯಂತ್ರ, ಕಟ್ಟಡ ಸವೆಯೋದಕ್ಕೆ ಲೆಕ್ಕದಲ್ಲಿ ಕಳೆಯೋ ಖರ್ಚು) ಕೈಯಿಂದ ಹೋಗೋ ದುಡ್ಡಲ್ಲ, ಅದನ್ನ ವಾಪಸ್ ಸೇರಿಸೋದ್ರಿಂದ ಸಾಮಾನ್ಯವಾಗಿ ನಗದು ಲಾಭಕ್ಕಿಂತ ಜಾಸ್ತಿನೇ ಇರಬೇಕು, ನಿಮ್ಮದ್ರಲ್ಲಿ ಅರ್ಧಾನೂ ಇಲ್ಲ. ಒರಟು ಲೆಕ್ಕದಲ್ಲಿ ಅದೇ ಅನುಪಾತ ಇಪಿಎಸ್‌ಗೆ ಹಾಕಿದ್ರೆ 15 ಹೋಗಿ 6.8 ಆಗತ್ತೆ, ಆವಾಗ 600ಕ್ಕೆ ಪಿಇ 40 ಅಲ್ಲ, 88ರ ಮೇಲೆ. 400ಕ್ಕೆ ಬಂದ್ರೂ 59. ಈಗ ಗಿರಾಕಿಗಳಿಂದ ಬರಬೇಕಾದ ಬಾಕಿ ನೋಡಿ, ಬಾಕಿನ ಮಾರಾಟದಿಂದ ಭಾಗಿಸಿ 365ರಿಂದ ಗುಣಿಸಿ, ಎಷ್ಟು ದಿನದ ಸಾಲ ಕೊಟ್ಟಿದ್ದಾರೆ ಅಂತ ಬರತ್ತೆ.

ಪ್ರಶ್ನೆ (ಮೊದಲು ಕೇಳಿದವರು): 5 ವರ್ಷದ ಹಿಂದೆ 62 ದಿನ, ಈಗ 118 ದಿನ ಸರ್.

ಉತ್ತರ: ಅಂದ್ರೆ ಮಾರಿದ ದುಡ್ಡು ಕೈಗೆ ಬರೋಕೆ ಮೊದಲಿಗಿಂತ ಹೆಚ್ಚುಕಮ್ಮಿ ಎರಡು ಪಟ್ಟು ದಿನ ಹಿಡೀತಿದೆ. ಸದ್ಯಕ್ಕೆ ಬೆಲೆ ವಿಷಯ ಬಿಡಿ ಹಾಗಾದ್ರೆ. ಆ ಬಾಕಿಯಲ್ಲಿ ಆರು ತಿಂಗಳು ದಾಟಿದ್ದು ಎಷ್ಟು, ಯಾರ್ ಯಾರಿಗೆ ಮಾರಿದ್ದಾರೆ, ಅದರಲ್ಲಿ ಅವರದ್ದೇ ಬಳಗದ ಕಂಪನಿ ಇದ್ಯಾ ಅಂತ ರಿಪೋರ್ಟಿನ ಹಿಂದಿನ ನೋಟ್ಸ್ ಓದಿ, ಆ ಪುಟಗಳ ಫೋಟೋ ಇಲ್ಲೇ ಹಾಕಿ, ನಾಳೆ ಕೂತು ನೋಡೋಣ.