ಸ್ವಂತ ದುಡ್ಡಲ್ಲಿ ಅಚ್ಚು ಹಾಕಿಸಿದ ಕಾದಂಬರಿ ಮಾರೋದು ಹೇಗೆ? ಅನುಭವ ಇದ್ದವರು ಹೇಳಿ

ರಾಜರಾಜೇಶ್ವರಿ ನಗರ (ಪ್ರಶ್ನೆ): ನನ್ನ ಮೊದಲ ಕಾದಂಬರಿ. ಪ್ರಕಾಶಕರು ಸಿಗಲಿಲ್ಲ, ನಾನೇ 500 ಪ್ರತಿ ಹಾಕಿಸಿದೆ. ನೆಂಟರು, ಆಫೀಸಿನವರು ಕೊಂಡಾಯಿತು. ಮುಕ್ಕಾಲು ಪಾಲು ಮನೆಯಲ್ಲೇ ಇದೆ. ಒಬ್ಬ ವಿತರಕರು 50% ರಿಯಾಯಿತಿ ಕೇಳುತ್ತಿದ್ದಾರೆ. ಒಪ್ಪಲಾ? ಈಗ ಬಿಡುಗಡೆ ಕಾರ್ಯಕ್ರಮ ಮಾಡಿದರೆ ಉಪಯೋಗ ಇದೆಯಾ?

ಮಲ್ಲೇಶ್ವರ: ಒಪ್ಪಬೇಡಿ. ನನ್ನ ಲೆಕ್ಕ ನೋಡಿ. 240 ಪುಟ, ಕಾದಂಬರಿಗೆ ಬಳಸುವ ಡೆಮಿ ಅಳತೆ, 70 ಜಿಎಸ್‌ಎಂ ತೂಕದ ಮ್ಯಾಪ್‌ಲಿಥೋ ಕಾಗದ. ಡಿಟಿಪಿ, ಅಂದರೆ ಕಂಪ್ಯೂಟರ್‌ನಲ್ಲಿ ಪುಟ ಜೋಡಿಸೋದು, ಪುಟಕ್ಕೆ 25ರಂತೆ 6,000. ಕರಡು ತಿದ್ದಿದವರಿಗೆ 4,800. ಮುಖಪುಟಕ್ಕೆ 7,000. ಅಚ್ಚು, ಬೈಂಡಿಂಗ್ ಸೇರಿ 46,000. ಒಟ್ಟು 63,800. ಪ್ರತಿಗೆ 127 ರೂಪಾಯಿ 60 ಪೈಸೆ ಬಿತ್ತು. ಮುಖಬೆಲೆ 280. ಅರ್ಧ ವಿತರಕರಿಗೆ ಹೋದರೆ ನನ್ನ ಕೈಗೆ 140. ಐನೂರೂ ಖರ್ಚಾದರೆ ಉಳಿಯೋದು 6,200. ಬಿಡುಗಡೆಗೆ ಸಭಾಂಗಣ, ಬ್ಯಾನರ್, ಉಪ್ಪಿಟ್ಟು, ಕೇಸರಿಬಾತು, ಅತಿಥಿಗಳ ಕ್ಯಾಬು ಅಂತ 19,000 ಹೋಗಿತ್ತು. ಸಭೆ ತುಂಬಿತ್ತು. ಕೊಂಡವರು ಮಾತ್ರ ಹೇಗಿದ್ದರೂ ಕೊಳ್ಳುತ್ತಿದ್ದ ನಮ್ಮವರೇ.

ಇನ್ನು ಒಂದು ಅಂಗಡಿಗೆ 60 ಪ್ರತಿ ಕೊಟ್ಟೆ, ಮಾರಿದ ಮೇಲೆ ದುಡ್ಡು ಅನ್ನೋ ಕರಾರಿನ ಮೇಲೆ. ವರ್ಷ ಕಳೆದ ಮೇಲೆ 41 ವಾಪಸ್ ಬಂದವು. ಪುಸ್ತಕಗಳ ಬೆನ್ನು ಮುರಿದಿತ್ತು, ಮುಖಪುಟದ ಮೇಲೆ ಕೀಳಲಾಗದ ಬೆಲೆ ಚೀಟಿ. ಉಳಿದ 19ರ ಹಣ ಇವತ್ತಿಗೂ ಬಂದಿಲ್ಲ. ಫೋನ್ ಮಾಡಿದರೆ ‘ಲೆಕ್ಕ ನೋಡೋ ಹುಡುಗ ರಜೆ’ ಅನ್ನುತ್ತಾರೆ. ಆರು ವರ್ಷ ಬರೆದ ಪುಸ್ತಕ ಅದು.

ವಿಜಯನಗರ: ನಾನು ಮಾಡಿದ್ದು ಬೇರೆ, ನನಗೆ ಆ ಬಗ್ಗೆ ಹೆಮ್ಮೆ ಇದೆ. ಮೊದಲು ದುಡ್ಡು, ಆಮೇಲೆ ಅಚ್ಚು. ಎರಡು ಅಧ್ಯಾಯ ಫೇಸ್‌ಬುಕ್‌ನಲ್ಲಿ ಹಾಕಿದೆ, ಮುಂಗಡ ಕೊಟ್ಟವರ ಹೆಸರು ಬರೆದುಕೊಂಡೆ. ಡಿಜಿಟಲ್ ಮುದ್ರಣದಲ್ಲಿ ನೂರೇ ಪ್ರತಿ ಹಾಕಿಸಿದೆ. ಒಂದಕ್ಕೆ 150 ಬಿತ್ತು. ಒಟ್ಟಿಗೆ ನೂರಾರು ಪ್ರತಿ ಹಾಕುವ ಆಫ್‌ಸೆಟ್ ಅಚ್ಚಿಗಿಂತ ದುಬಾರಿ, ನಿಜ. ಆದರೆ ನನ್ನ ಮಂಚದ ಕೆಳಗೆ ಒಂದು ಡಬ್ಬವೂ ಇಲ್ಲ. ಬೆಲೆ 300, ವಿತರಕರಿಗೆ ಒಂದು ಪೈಸೆ ಇಲ್ಲ. ಪುಸ್ತಕದ ಗುರುತಿನ ಸಂಖ್ಯೆ ಐಎಸ್‌ಬಿಎನ್ ಕೂಡ ನಾನೇ ಅರ್ಜಿ ಹಾಕಿ ತಗೊಂಡೆ. ದೆಹಲಿಯ ರಾಜಾ ರಾಮಮೋಹನ ರಾಯ್ ಏಜೆನ್ಸಿ ಅದನ್ನು ಉಚಿತವಾಗಿ ಕೊಡುತ್ತದೆ. ನನ್ನ ಗೆಳತಿ ಅದಕ್ಕೇ ಒಬ್ಬ ಮಧ್ಯವರ್ತಿಗೆ 3,500 ಕೊಟ್ಟಳು. ಕೇಳಿ ಹೊಟ್ಟೆ ಉರಿಯಿತು.

ಬಸವನಗುಡಿ: ನಾನು ಪುಸ್ತಕದ ಅಂಗಡಿ ನಡೆಸುವವನು. ಎಲ್ಲರೂ ನಮ್ಮನ್ನೇ ಬೈಯುತ್ತೀರಿ. ಗಾಂಧಿ ಬಜಾರ್ ಕಡೆ ಬಾಡಿಗೆ ಎಷ್ಟು ಅಂತ ವಿಚಾರಿಸಿ. 50ರಲ್ಲಿ ವಿತರಕರು ತಮ್ಮ ಪಾಲು ಇಟ್ಟುಕೊಂಡು ನಮಗೆ 30 ಬಿಡುತ್ತಾರೆ. ಅದರಲ್ಲಿ 10 ಗಿರಾಕಿಗೇ ಹೋಗುತ್ತದೆ, ಕನ್ನಡ ಪುಸ್ತಕಕ್ಕೆ ರಿಯಾಯಿತಿ ಕೇಳದವರು ಅಪರೂಪ. ನವೆಂಬರ್‌ನಲ್ಲಿ ರಾಜ್ಯೋತ್ಸವದ ಮಾರಾಟ ಒಂದಿಷ್ಟು ಕೈ ಹಿಡಿಯುತ್ತದೆ, ಅಷ್ಟೇ. ಇನ್ನೊಂದು ಮಾತು. ಸ್ವಂತ ಪ್ರಕಟಣೆ ಅಂತ ತರುವವರಲ್ಲಿ ಎಷ್ಟು ಜನ ಸಂಪಾದಕರಿಗೆ ತೋರಿಸುತ್ತಾರೆ? ನುಡಿ ತಂತ್ರಾಂಶದ ಹಳೆಯ ಅಕ್ಷರಗಳಿಂದ ಯೂನಿಕೋಡ್‌ಗೆ ಬದಲಿಸುವಾಗ ಅರ್ಕಾವತ್ತು ಜಾರಿ ಬೇರೆ ಅಕ್ಷರಕ್ಕೆ ಕೂತಿರುತ್ತದೆ. ಅದನ್ನೂ ನೋಡದೆ ಅಚ್ಚಿಗೆ ಕಳಿಸುತ್ತಾರೆ. ಗಿರಾಕಿ ನಾಲ್ಕು ಪುಟ ತಿರುವಿ ಇಟ್ಟು ಹೋದರೆ ನಾನೇನು ಮಾಡಲಿ?

ಮಲ್ಲೇಶ್ವರ: ನಾನು ಕರಡು ತಿದ್ದಿಸಲು 4,800 ಕೊಟ್ಟೆ ಅಂತ ಮೇಲೇ ಬರೆದಿದ್ದೇನೆ. ಓದಿ ಮಾತಾಡಿ. ನಿಮ್ಮ ಬಾಡಿಗೆಗೂ ನನ್ನ 19 ಪ್ರತಿಯ ಹಣಕ್ಕೂ ಏನು ಸಂಬಂಧ?

ಬಸವನಗುಡಿ: ಆ ಅಂಗಡಿ ನನ್ನದಲ್ಲ. ಒಬ್ಬರು ಮಾಡಿದ್ದಕ್ಕೆ ಎಲ್ಲರನ್ನೂ ಕಳ್ಳರು ಮಾಡಬೇಡಿ.

ಹನುಮಂತನಗರ: ಹಳೆಯ ಕಾದಂಬರಿಕಾರ ಗಳಗನಾಥರು ತಮ್ಮ ಕಾದಂಬರಿಗಳನ್ನು ಹೊತ್ತುಕೊಂಡು ಊರೂರು ತಿರುಗಿ ಮಾರಿದರು. ಕವಿ ಜಿ.ಪಿ. ರಾಜರತ್ನಂ ಕೂಡ ಚೀಲದಲ್ಲಿ ಪುಸ್ತಕ ಇಟ್ಟುಕೊಂಡು ಹೋಗುತ್ತಿದ್ದರು. ನಾನು ಅದನ್ನೇ ಮಾಡಿದೆ. ಕಬ್ಬನ್ ಪಾರ್ಕ್, ಲಾಲ್‌ಬಾಗ್, ರವೀಂದ್ರ ಕಲಾಕ್ಷೇತ್ರದ ಮುಂದೆ ನಿಂತು ಜನರ ಕೈಗೇ ಕೊಟ್ಟೆ. ಅವಮಾನ ಆಯಿತು, ಸೆಕ್ಯೂರಿಟಿಯವರು ಎಬ್ಬಿಸಿದರು. ಆದರೂ 300 ಪ್ರತಿ ಖಾಲಿ. ನಾಚಿಕೆ ಬಿಡದೆ ಪುಸ್ತಕ ಮಾರೋಕಾಗಲ್ಲ.

ವೈಟ್‌ಫೀಲ್ಡ್: ಗಳಗನಾಥರ ಹೆಸರು ತರಬೇಡಿ, ಬೇಜಾರಾಗುತ್ತದೆ. ನನಗೆ ಎರಡು ಚಿಕ್ಕ ಮಕ್ಕಳು. ಕೆಲಸ ಮುಗಿಸಿ ಸಿಲ್ಕ್ ಬೋರ್ಡ್ ದಾಟಿ ಮನೆ ಸೇರುವಾಗ ಒಂಬತ್ತಾಗಿರುತ್ತದೆ. ನಾನು ಕಲಾಕ್ಷೇತ್ರದ ಮುಂದೆ ಯಾವಾಗ ನಿಲ್ಲಲಿ? ನಿಂತವರಿಗೆ ಮಾತ್ರ ನಿಷ್ಠೆ ಇದೆ ಅನ್ನೋ ಹಾಗೆ ಬರೆಯಬೇಡಿ. ನನ್ನನ್ನು ಸುಸ್ತು ಮಾಡಿದ್ದು ಗೌರವ ಪ್ರತಿಗಳು. ‘ಕಳಿಸಿ, ಬರೆಯುತ್ತೇನೆ’ ಅಂದವರಿಗೆಲ್ಲ ನನ್ನ ಖರ್ಚಲ್ಲಿ ಕಳಿಸಿದೆ. ಒಂದು ಸಾಲೂ ಬರಲಿಲ್ಲ.

ಹನುಮಂತನಗರ: ನಿಷ್ಠೆ ಅನ್ನೋ ಪದ ನಾನು ಬಳಸಿಲ್ಲ. ಬಿಟ್ಟಿ ಕಳಿಸಿ ಅಂತಲೂ ಹೇಳಿಲ್ಲ. ನಾನು ಅಣ್ಣನಿಗೂ ದುಡ್ಡು ತಗೊಂಡೇ ಕೊಟ್ಟಿದ್ದೇನೆ.

ವಿಜಯನಗರ: ಕಳಿಸೋ ಖರ್ಚಿನ ಬಗ್ಗೆ ಯಾರೂ ಮಾತಾಡಲ್ಲ. ಕಮ್ಮಿ ದರದ ನೋಂದಾಯಿತ ಪುಸ್ತಕ ಅಂಚೆಯನ್ನು 2024ರ ಡಿಸೆಂಬರ್‌ನಲ್ಲಿ ನಿಲ್ಲಿಸಿದರು. ನಮ್ಮಂಥವರು ಬದುಕಿದ್ದೇ ಅದರಿಂದ. ಆಮೇಲೆ ಕಲಬುರಗಿಗೆ ಒಂದು ಪುಸ್ತಕ ಕಳಿಸಿದಾಗ ನನಗೆ 80 ರೂಪಾಯಿ ದಾಟಿತು.

ಮಲ್ಲೇಶ್ವರ: ಹಾಗಾದರೆ 300ರಲ್ಲಿ ಅಚ್ಚಿಗೆ 150, ಅಂಚೆಗೆ 80. ಡಬ್ಬ, ಟೇಪು ಬೇರೆ. ನಿಮಗೂ ಉಳಿಯೋದು 70ಕ್ಕಿಂತ ಕಮ್ಮಿ ಅಲ್ವಾ?

ವಿಜಯನಗರ: ಹೌದು, ಅಷ್ಟೇ. ಆದರೆ ಅದು ಮಾರಿದ ದಿನವೇ ನನ್ನ ಖಾತೆಗೆ ಬರುತ್ತದೆ. ಓದುಗರ ಫೋನ್ ನಂಬರೂ ನನ್ನ ಹತ್ತಿರ ಇರುತ್ತದೆ. ಎರಡನೇ ಪುಸ್ತಕಕ್ಕೆ ಅವರನ್ನೇ ಮೊದಲು ಕೇಳುತ್ತೇನೆ. ನಿಮ್ಮ 500ರಲ್ಲಿ ಎಷ್ಟು ಓದುಗರ ಹೆಸರು ನಿಮಗೆ ಗೊತ್ತು?

ಬಸವನಗುಡಿ: ಅಂಗಡಿಗೆ ಬಂದು ಪುಟ ತಿರುವಿ ಕೊಳ್ಳುವವರು ನಂಬರ್ ಕೊಡಲ್ಲ. ಅವರೂ ಓದುಗರೇ. ರಾಜರಾಜೇಶ್ವರಿ ನಗರದವರೇ, 10 ಪ್ರತಿ ತನ್ನಿ. 35% ಸಾಕು, ಲೆಕ್ಕ ಪ್ರತಿ ತಿಂಗಳು ಕೊಡುತ್ತೇನೆ.

ಮಲ್ಲೇಶ್ವರ: ಕರಾರು ಬರೆಸಿಕೊಂಡು ಕೊಡಿ.