ಚಳಿಗಾಲದಲ್ಲಿ ಸಣ್ಣ ಜಮೀನಿನ ಕೆಲಸ ಹೆಚ್ಚಾಗುವುದೇಕೆ?

ಪ್ರಶ್ನೆ:
ಕೆಲವು ಹಸುಗಳು, ಒಂದಷ್ಟು ಕೋಳಿಗಳು ಮತ್ತು ಹಳೆಯ ಟ್ರ್ಯಾಕ್ಟರ್ ಇರುವ ಸಣ್ಣ ಜಮೀನು ನಮ್ಮದು. ಹಿಮ ಬೀಳುವ ತಿಂಗಳುಗಳಲ್ಲಿ ಬಿತ್ತನೆ, ಕಳೆ, ಕೊಯ್ಲು ಯಾವುದೂ ಇರುವುದಿಲ್ಲವಾದ್ದರಿಂದ ಬಿಡುವು ಸಿಗುತ್ತದೆಂದು ಎಣಿಸಿದ್ದೆವು. ಆದರೆ ಹಗಲಿನ ಬಹುಪಾಲು ನೀರು ಹೊರುವುದರಲ್ಲೇ ಕಳೆಯುತ್ತಿದೆ. ಚಳಿ ತಾಗದಂತೆ ಕೊಟ್ಟಿಗೆಯ ಸಂದುಗಳನ್ನೆಲ್ಲ ಮುಚ್ಚಿದ್ದರೂ ಕರುವೊಂದು ಕೆಮ್ಮುತ್ತಿದೆ. ಮೊದಲು ಯಾವುದನ್ನು ಸರಿಪಡಿಸಬೇಕು?

ಉತ್ತರ 1:
ಮೊದಲು ನೀರು. ನೀರು ಹೆಪ್ಪುಗಟ್ಟುವಾಗ ಸುಮಾರು ಶೇ. 9ರಷ್ಟು ಹಿಗ್ಗುವುದರಿಂದ ಪೈಪು ಬಿರಿಯುತ್ತದೆ. ಅದು ಬಿರಿದಿದೆಯೆಂಬುದು ಮಂಜುಗಡ್ಡೆ ಕರಗಿ ನೀರು ಸೋರತೊಡಗಿದಾಗಲೇ ತಿಳಿಯುವುದು. ರಾತ್ರಿ ಪೈಪುಗಳನ್ನು ಪೂರ್ತಿ ಬರಿದು ಮಾಡಿ, ತೊಟ್ಟಿಯ ಬದಿಗಳಿಗೆ ಶಾಖ ನಿಲ್ಲಿಸುವ ಹೊದಿಕೆ ಹಾಕಿ. ನೀರು ಸಾಲದ ಹಸು ಮೇವನ್ನೂ ಕಡಿಮೆ ತಿನ್ನುತ್ತದೆ, ಹಾಲೂ ಇಳಿಯುತ್ತದೆ. ಹಿಮ ತಿಂದುಕೊಳ್ಳಲಿ ಎಂದು ಹಾಲು ಕರೆಯುವ ಹಸುವನ್ನು ಬಿಡುವುದು ಸರಿಯಲ್ಲ. ಕೊರೆಯುವ ಚಳಿಯಿದ್ದಾಗ ಒಣಹುಲ್ಲನ್ನು ಹೆಚ್ಚು ಹಾಕಿ, ಏಕೆಂದರೆ ನಾರಿನ ಮೇವು ಹೊಟ್ಟೆಯಲ್ಲಿ ಹುದುಗುವಾಗ ಹುಟ್ಟುವ ಶಾಖವೇ ಮೈಯನ್ನು ಬೆಚ್ಚಗಿಡುತ್ತದೆ.

ಉತ್ತರ 2:
ಮೇಲಿನವರ ಮಾತಿಗೆ ನನ್ನ ತಕರಾರಿಲ್ಲ, ಆದರೆ ನಾನಾಗಿದ್ದರೆ ಇವತ್ತೇ ಕೊಟ್ಟಿಗೆಯ ಮೇಲ್ಭಾಗದ ಸಂದುಗಳನ್ನು ತೆರೆಯುತ್ತಿದ್ದೆ. ಒದ್ದೆಯಾಗಿರದ, ದಟ್ಟ ಕೂದಲಿನ, ಮೈತುಂಬಿಕೊಂಡ ಹಸು ಶೂನ್ಯಕ್ಕಿಂತ ಕೆಲವು ಡಿಗ್ರಿ ಕೆಳಗಿನ ಚಳಿಯನ್ನೂ ಸುಲಭವಾಗಿ ತಾಳುತ್ತದೆ. ಅದೇ ಹಸುವಿನ ಕೂದಲು ಒದ್ದೆಯಾದರೆ ಅಷ್ಟೇನೂ ತಣ್ಣಗಿರದ ದಿನದಲ್ಲೂ ನಡುಗುತ್ತದೆ. ಮುಚ್ಚಿದ ಕೊಟ್ಟಿಗೆಯಲ್ಲಿ ಉಸಿರಿನ ಆವಿ ಸೂರಿಗೆ ತಾಗಿ ಹನಿಯಾಗಿ ಅವುಗಳ ಬೆನ್ನ ಮೇಲೆಯೇ ಬೀಳುತ್ತದೆ, ಗಂಜಲದಿಂದೇಳುವ ಅಮೋನಿಯಾ ಶ್ವಾಸಕೋಶವನ್ನು ಕೆಣಕುತ್ತದೆ. ಒಳಗೆ ಕಾಲಿಟ್ಟೊಡನೆ ಕಣ್ಣು ಉರಿದರೆ ಗಾಳಿ ಸಾಲದೆಂದೇ ಅರ್ಥ. ಗಾಳಿ ಹಸುಗಳ ಮೈಮೇಲೆ ನೇರವಾಗಿ ಬೀಸದಂತೆ ಕೆಳಗಿನ ಸಂದುಗಳನ್ನು ಮಾತ್ರ ಮುಚ್ಚಿಡಿ, ಕರುವಿಗೆ ಕಾಲು ಹುದುಗುವಷ್ಟು ದಪ್ಪಗೆ ಒಣ ಹುಲ್ಲು ಹಾಸಿ. ಕೆಮ್ಮಿನ ಜೊತೆ ಜ್ವರವಿದ್ದರೆ ಅಥವಾ ಹಾಲು ಕುಡಿಯುವುದನ್ನು ಬಿಟ್ಟರೆ ಪಶುವೈದ್ಯರನ್ನು ಕರೆಸಲು ತಡಮಾಡಬೇಡಿ.

ಪ್ರಶ್ನೆ ಕೇಳಿದವರು:
ಕಣ್ಣು ಉರಿಯುವುದು ನಿಜ. ಮೇಲಿನ ಹಲಗೆಗಳನ್ನು ಈಗಲೇ ತೆಗೆಸುತ್ತೇನೆ. ಕೋಳಿಮನೆಗೂ ಇದೇ ಮಾತು ಅನ್ವಯಿಸುತ್ತದೆಯೇ?

ಉತ್ತರ 3:
ಇನ್ನೂ ಹೆಚ್ಚಾಗಿಯೇ ಅನ್ವಯಿಸುತ್ತದೆ, ಏಕೆಂದರೆ ಕೋಳಿಯ ಜುಟ್ಟು ಚಳಿಗೆ ಕರಕಾಗುವುದು ಒಳಗೆ ತೇವ ನಿಂತಾಗ ಬೇಗ. ಮೊಟ್ಟೆ ಕಡಿಮೆಯಾದರೆ ಅದಕ್ಕೆ ಮುಖ್ಯ ಕಾರಣ ಹಗಲು ಕಿರಿದಾಗುವುದೇ ಹೊರತು ಚಳಿಯಲ್ಲ. ಟ್ರ್ಯಾಕ್ಟರ್ ಬಗ್ಗೆ ಯಾರೂ ಹೇಳಲಿಲ್ಲ: ಬೇಸಿಗೆಯ ಡೀಸೆಲ್ ಉಳಿದಿದ್ದರೆ ಅದರಲ್ಲಿನ ಮೇಣ ಗಟ್ಟಿಯಾಗಿ ಫಿಲ್ಟರ್ ಕಟ್ಟಿಕೊಳ್ಳುತ್ತದೆ, ಆದ್ದರಿಂದ ಚಳಿಗಾಲದ ಡೀಸೆಲ್ಲನ್ನೇ ತುಂಬಿಸಿ. ಬ್ಯಾಟರಿಯನ್ನು ಪೂರ್ತಿ ಚಾರ್ಜ್ ಮಾಡಿಡಿ. ಚಾರ್ಜ್ ಇಳಿದ ಬ್ಯಾಟರಿಯೊಳಗಿನ ದ್ರಾವಣ ಹೆಪ್ಪುಗಟ್ಟಿ ಅದರ ಪೆಟ್ಟಿಗೆಯೇ ಒಡೆಯಬಹುದು.